ಯಾರೂ ಮುಟ್ಟದಾಗ ಡಿಸ್ಕ್ ಓಡುವುದೇಕೆ?



ಕಂಪ್ಯೂಟರ್ ವಿಷಯವಾಗಿ ನಮ್ಮ ಸಂವಾದ ಕಾರ್ಯಕ್ರಮದಲ್ಲಿ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. “ನಾನು ಕೀಲಿಮಣೆ ಮುಟ್ಟಿಲ್ಲ, ಯಾವ ಕೆಲಸವನ್ನೂ ತೆರೆದಿಲ್ಲ. ಆದರೂ ಪೆಟ್ಟಿಗೆಯೊಳಗೆ ಕರಕರ ಸದ್ದು, ಮುಂದಿನ ಕೆಂಪು ದೀಪ ಮಿಣಮಿಣ ಎನ್ನುತ್ತಲೇ ಇರುತ್ತದೆ. ಯಂತ್ರ ನಿಧಾನವಾಗಿದೆ. ಇದು ವೈರಸ್ಸೇ? ಡಿಸ್ಕ್ ಕೆಟ್ಟಿದೆಯೇ? ಫಾರ್ಮ್ಯಾಟ್ ಮಾಡಿಸಬೇಕೇ?” ಪ್ರಶ್ನೆ ಸಣ್ಣದು. ಆದರೆ ಉತ್ತರ ತಪ್ಪಿದರೆ ನಷ್ಟ ದೊಡ್ಡದು. ಸದ್ದಿನ ಕಾರಣ ತಿಳಿಯದೆ ಡಿಸ್ಕನ್ನು ಅಳಿಸಿಬಿಟ್ಟು, ಹತ್ತು ವರ್ಷದ ಲೆಕ್ಕಪತ್ರವನ್ನೋ ಮದುವೆಯ ಚಿತ್ರಗಳನ್ನೋ ಕಳೆದುಕೊಂಡವರು ಎಲ್ಲ ಊರುಗಳಲ್ಲೂ ಇದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಆಗುತ್ತದೆ ಇದು.

ವಿಷಯ ಸುಲಭವಾಗಲೆಂದು ನಾಲ್ಕು ಯಂತ್ರಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೆಂಗಳೂರಿನ ನೈರುತ್ಯಕ್ಕಿರುವ ನಾಲ್ಕು ತಾಲ್ಲೂಕುಗಳಲ್ಲಿ ಯಾರ ಕಣ್ಣಿಗಾದರೂ ಬೀಳಬಹುದಾದ ಯಂತ್ರಗಳಿವು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿಬರುವ ರೀಲರ್ ಒಬ್ಬರ ಲೆಕ್ಕದ ಕಂಪ್ಯೂಟರ್ ಒಂದು. ಚನ್ನಪಟ್ಟಣದ ಬೊಂಬೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಕಂಪ್ಯೂಟರ್ ಎರಡನೆಯದು. ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಪಹಣಿ, ಜಾತಿ-ಆದಾಯ ಪ್ರಮಾಣಪತ್ರಗಳ ಅರ್ಜಿ ಹಾಕುವ ಸೇವಾ ಕೇಂದ್ರದ್ದು ಮೂರನೆಯದು. ಮಾಗಡಿಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಡಿ.ಟಿ.ಪಿ. ಅಂಗಡಿಯದು ನಾಲ್ಕನೆಯದು. ನಾಲ್ಕರಲ್ಲೂ ಡಿಸ್ಕ್ ತಾನೇ ತಾನಾಗಿ ಓಡುತ್ತಿದೆ ಎಂಬ ದೂರು ಒಂದೇ. ಕಾರಣಗಳು ಮಾತ್ರ ನಾಲ್ಕು. ಅವನ್ನು ಬೇರ್ಪಡಿಸುವ ಕ್ರಮವನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಸದ್ದು ಬರುವುದು ಎಲ್ಲಿಂದ?

ಹಳೆಯ ಬಗೆಯ ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ನಯವಾದ ತಟ್ಟೆಗಳಿವೆ. ಸಾಮಾನ್ಯವಾಗಿ ಅವು ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುತ್ತವೆ. ತಟ್ಟೆಯ ಮೇಲೆ ಕೂದಲೆಳೆಗಿಂತಲೂ ಬಹಳ ಕಡಿಮೆ ಅಂತರದಲ್ಲಿ ತೇಲುವ ತಲೆಯೊಂದು, ಅಂದರೆ ಓದುವ-ಬರೆಯುವ ಅಂಗ, ಒಂದು ತೋಳಿನ ತುದಿಯಲ್ಲಿರುತ್ತದೆ. ತಟ್ಟೆ ಸುಮ್ಮನೆ ತಿರುಗುವಾಗ ಸಣ್ಣ ಗುಂಯ್‌ಗುಡುವಿಕೆ ಮಾತ್ರ. ತೋಳು ಒಂದು ಜಾಗದಿಂದ ಇನ್ನೊಂದಕ್ಕೆ ಹಾರಿದಾಗ ‘ಕರ್’ ಎನ್ನುತ್ತದೆ. ಅಂದರೆ ನಮಗೆ ಕೇಳುವ ಸದ್ದು ತೋಳಿನ ಓಡಾಟದ ಸದ್ದು.

ಈ ಓಡಾಟದ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ನಿಮಿಷಕ್ಕೆ 7,200 ಸುತ್ತು ಎಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕು. ತೋಳು ಸರಿಯಲು ಇನ್ನೊಂದು 9 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಒಟ್ಟು 13. ಹೀಗಾದರೆ ಸೆಕೆಂಡಿಗೆ ಸುಮಾರು 75 ಬಾರಿ ಮಾತ್ರ ಬೇರೆ ಬೇರೆ ಜಾಗಕ್ಕೆ ಹೋಗಿಬರಲು ಸಾಧ್ಯ. ಪ್ರತಿ ಸಲ 4 ಕಿಲೋಬೈಟ್ ತಂದರೆ ಸೆಕೆಂಡಿಗೆ ಬಂದದ್ದು ಬರೀ 300 ಕಿಲೋಬೈಟ್. ಅದೇ ಡಿಸ್ಕ್ ಒಂದೇ ಸಾಲಿನಲ್ಲಿ ಓದುತ್ತ ಹೋದರೆ ಸೆಕೆಂಡಿಗೆ 100 ಮೆಗಾಬೈಟಿಗೂ ಹೆಚ್ಚು ತರಬಲ್ಲದು.

ಹಿಪ್ಪುನೇರಳೆ ತೋಟದಲ್ಲಿ ಒಂದು ಸಾಲನ್ನು ಹಿಡಿದು ಸೊಪ್ಪು ಕೊಯ್ಯುತ್ತ ಹೋದರೆ ಹೊರೆ ಬೇಗ ತುಂಬುತ್ತದೆ. ಗಿಡಕ್ಕೊಂದು ಎಲೆಯಂತೆ ತೋಟವಿಡೀ ಅಲೆದರೆ ಹೊತ್ತು ಮುಳುಗಿದರೂ ಬುಟ್ಟಿ ತುಂಬದು. ಆದರೆ ಕೊಯ್ಯುವವನ ಕಾಲು ಮಾತ್ರ ಬಿಡುವಿಲ್ಲದೆ ಓಡಿರುತ್ತದೆ. “ಡಿಸ್ಕ್ ಬಳಕೆ 100 ಶೇಕಡಾ ಎಂದು ತೋರಿಸುತ್ತದೆ, ಆದರೆ ವೇಗ ಒಂದು ಮೆಗಾಬೈಟೂ ಇಲ್ಲ, ಇದೇನು ವಿಚಿತ್ರ?” ಎಂದು ಕೇಳುವವರಿಗೆ ಇದೇ ಉತ್ತರ. ಅಲ್ಲಿ ಶೇಕಡಾ ಎಂಬುದು ಡಿಸ್ಕ್ ಬಿಡುವಿಲ್ಲದೆ ಇದ್ದ ಸಮಯ, ಹೊತ್ತು ತಂದ ಹೊರೆಯಲ್ಲ.

ರೇಷ್ಮೆ ಸಾಕುವವರಿಗೆ ಇನ್ನೊಂದು ಮಾತು ಥಟ್ಟನೆ ಅರ್ಥವಾಗುತ್ತದೆ. ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ರಾತ್ರಿ ಸೊಪ್ಪು ಕೊಟ್ಟು ಹುಳುಮನೆಯಲ್ಲಿ ನಿಂತರೆ ಸಣ್ಣ ಮಳೆ ಬಿದ್ದಂತೆ ಸದ್ದು ಕೇಳುತ್ತದೆ. ಅದು ರೋಗದ ಸದ್ದಲ್ಲ, ಮೇಯುವ ಸದ್ದು. ಹಾಗೆಯೇ ಡಿಸ್ಕಿನ ಸದ್ದು ಕೂಡ ಬಹುಪಾಲು ಯಾವುದೋ ಕಾರ್ಯಕ್ರಮ ಕೆಲಸ ಮಾಡುತ್ತಿರುವ ಸದ್ದು. ಯಾವುದು ಎಂಬುದಷ್ಟೇ ನಮಗೆ ಗೊತ್ತಿರುವುದಿಲ್ಲ.

ತೆರೆಯ ಹಿಂದೆ ದುಡಿಯುವವರು

ಇಂದಿನ ಕಂಪ್ಯೂಟರಿನಲ್ಲಿ ಪರದೆಯ ಮೇಲೆ ಒಂದು ಕಿಟಕಿಯೂ ತೆರೆದಿಲ್ಲದಾಗಲೂ ನೂರಕ್ಕೂ ಹೆಚ್ಚು ಕಾರ್ಯಕ್ರಮಗಳು ಜೀವಂತವಾಗಿರುತ್ತವೆ. ವಿಂಡೋಸ್ ಯಂತ್ರದಲ್ಲಿ ಡಿಸ್ಕನ್ನು ಹೆಚ್ಚು ಓಡಿಸುವವರು ಐದಾರು ಮಂದಿ ಎನ್ನಬಹುದು.

ಮೊದಲನೆಯದು ‘ಸರ್ಚ್ ಇಂಡೆಕ್ಸರ್’. ನೀವು ಹುಡುಕಿದ ಪದ ತಕ್ಷಣ ಸಿಗಲೆಂದು ಇದು ಕಡತಗಳನ್ನು ಮುಂಚಿತವಾಗಿ ಓದಿ, ಪುಸ್ತಕದ ಕೊನೆಯಲ್ಲಿರುವಂಥ ಪದಸೂಚಿಯನ್ನು ತಯಾರಿಸುತ್ತದೆ. ಎರಡನೆಯದು ‘ಆಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್’ ಎಂಬ ಉದ್ದ ಹೆಸರಿನ ಡಿಫೆಂಡರ್. ಇದು ಕಡತಗಳನ್ನು ಒಂದೊಂದಾಗಿ ಪರೀಕ್ಷಿಸುವ ಕಾವಲುಗಾರ. ಮೂರನೆಯದು ‘ಸಿಸ್‌ಮೇನ್’. 2007ರಲ್ಲಿ ವಿಂಡೋಸ್ ವಿಸ್ಟಾದೊಡನೆ ‘ಸೂಪರ್‌ಫೆಚ್’ ಎಂಬ ಹೆಸರಿನಲ್ಲಿ ಬಂದ ಇದು, ನೀವು ದಿನವೂ ಬಳಸುವ ತಂತ್ರಾಂಶಗಳನ್ನು ಊಹಿಸಿ ಮೊದಲೇ ಸ್ಮೃತಿಗೆ, ಅಂದರೆ ರ‍್ಯಾಮ್‌ಗೆ, ತಂದಿಡುತ್ತದೆ. ನಾಲ್ಕನೆಯದು ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’, ಹೊಸ ತಿದ್ದುಪಡಿಗಳನ್ನು ಕೂರಿಸುವ ಕೆಲಸಗಾರ. ಐದನೆಯದು ‘ಕಂಪ್ಯಾಟಿಬಿಲಿಟಿ ಟೆಲಿಮೆಟ್ರಿ’, ಯಂತ್ರದಲ್ಲಿರುವ ತಂತ್ರಾಂಶಗಳ ವಿವರ ಸಂಗ್ರಹಿಸಿ ಕಂಪನಿಗೆ ಕಳಿಸುವಂಥದು. ಇವಲ್ಲದೆ ಕಡತಗಳನ್ನು ಅಂತರ್ಜಾಲದ ಖಾತೆಗೆ ನಕಲು ಮಾಡುವ ಒನ್‌ಡ್ರೈವ್, ಗೂಗಲ್ ಡ್ರೈವ್ ಮುಂತಾದವೂ, ತೆರೆದಿಟ್ಟ ಪ್ರತಿ ಪುಟದ ಚೂರುಗಳನ್ನು ಬರೆದಿಡುವ ಬ್ರೌಸರ್‌ಗಳೂ ಸೇರಿಕೊಳ್ಳುತ್ತವೆ.

ಈ ಕಾರ್ಯಕ್ರಮಗಳು ನೀವು ಸುಮ್ಮನಿರುವಾಗಲೇ ಏಕೆ ಎದ್ದುಕೊಳ್ಳುತ್ತವೆ? ಅವನ್ನು ಹಾಗೆಯೇ ರಚಿಸಲಾಗಿದೆ. ಯಜಮಾನ ಕೆಲಸದಲ್ಲಿದ್ದಾಗ ಅಡ್ಡಬರಬಾರದು, ಅವನು ಎದ್ದುಹೋದ ಮೇಲೆ ಕಸ ಗುಡಿಸಬೇಕು ಎಂಬ ನಿಯಮ ಇದು. ನೀವು ಮೌಸ್ ಅಲುಗಿಸಿದ ಕೂಡಲೆ ಇವುಗಳಲ್ಲಿ ಹಲವು ಕೈಬಿಟ್ಟು ಸರಿಯುತ್ತವೆ. ಆದ್ದರಿಂದಲೇ “ನೋಡಲು ಹೋದರೆ ಸದ್ದು ನಿಲ್ಲುತ್ತದೆ, ಎದ್ದು ಬಂದರೆ ಮತ್ತೆ ಶುರುವಾಗುತ್ತದೆ” ಎಂದು ಅನೇಕರಿಗೆ ಅನುಮಾನ ಹುಟ್ಟುವುದು. ಅದು ಕಳ್ಳತನದ ಲಕ್ಷಣವಲ್ಲ, ಬಹುಮಟ್ಟಿಗೆ ಸೌಜನ್ಯದ ಲಕ್ಷಣ.

ಇಲ್ಲಿ ಕನಕಪುರದ ಸೇವಾ ಕೇಂದ್ರದ ಯಂತ್ರವನ್ನು ನೆನೆಯೋಣ. ವಿಂಡೋಸ್ ತನ್ನ ದೈನಂದಿನ ನಿರ್ವಹಣೆಗೆ ಗೊತ್ತುಪಡಿಸಿಕೊಂಡಿರುವ ವೇಳೆ ಸಾಮಾನ್ಯವಾಗಿ ರಾತ್ರಿ 2 ಗಂಟೆ. ರಾತ್ರಿಯೂ ಯಂತ್ರ ಚಾಲೂ ಇರುತ್ತದೆಂಬ ಭಾವನೆಯಲ್ಲಿ ಮಾಡಿದ ಏರ್ಪಾಡು ಇದು. ನಮ್ಮಲ್ಲಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುವುದು ರೂಢಿ. ರಾತ್ರಿ ತಪ್ಪಿದ ಕೆಲಸ ಮರುದಿನ ಯಂತ್ರ ಕೊಂಚ ಬಿಡುವಾದೊಡನೆ ನಡೆಯತೊಡಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದು, ಮೊದಲ ಅರ್ಜಿದಾರರು ಆಧಾರ್ ಕಾರ್ಡು ಹುಡುಕುವ ಆ ಐದು ನಿಮಿಷದಲ್ಲೇ ಡಿಸ್ಕ್ ಗುಡುಗುಡು ಎನ್ನುತ್ತದೆ. ನಡುವೆ ಕರೆಂಟು ಹೋಯಿತೆನ್ನಿ, ಅರ್ಧಕ್ಕೆ ನಿಂತ ತಿದ್ದುಪಡಿ ಮತ್ತೆ ಮೊದಲಿನಿಂದ ಆರಂಭ. ಇಂಥ ಯಂತ್ರಕ್ಕೆ ಬೇಕಾದ ಮದ್ದು ಫಾರ್ಮ್ಯಾಟ್ ಅಲ್ಲ. ವಾರಕ್ಕೊಂದು ಸಂಜೆ, ಯು.ಪಿ.ಎಸ್. ಬೆಂಬಲದೊಂದಿಗೆ ಎರಡು ಗಂಟೆ ಯಂತ್ರವನ್ನು ಚಾಲೂ ಇಟ್ಟು, ಯಾರೂ ಮುಟ್ಟದೆ ಬಿಡುವುದು. ನಿರ್ವಹಣೆಯ ವೇಳೆಯನ್ನೇ ಊಟದ ಹೊತ್ತಿಗೆ ಬದಲಿಸಿಕೊಳ್ಳಲೂಬಹುದು. ಕಂಟ್ರೋಲ್ ಪ್ಯಾನೆಲ್‌ನ ‘ಸೆಕ್ಯುರಿಟಿ ಅಂಡ್ ಮೇಂಟೆನೆನ್ಸ್’ ವಿಭಾಗದಲ್ಲಿ ಅದಕ್ಕೆ ಅವಕಾಶವಿದೆ.

ಹೆಸರು ಹಿಡಿಯುವ ಕ್ರಮ

ಊಹೆ ಸಾಕು, ಈಗ ಹೆಸರು ಹಿಡಿಯೋಣ. ಇದಕ್ಕೆ ಹಣ ಕೊಟ್ಟು ಏನನ್ನೂ ಕೊಳ್ಳಬೇಕಾಗಿಲ್ಲ.

ಮೊದಲ ಹೆಜ್ಜೆ ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಅಲ್ಲಿ ‘ಡಿಸ್ಕ್’ ಎಂಬ ಕಾಲಮಿನ ತಲೆಯ ಮೇಲೆ ಒತ್ತಿದರೆ ಹೆಚ್ಚು ಓಡಿಸುವವರು ಮೇಲೆ ಬರುತ್ತಾರೆ. 2012ರ ವಿಂಡೋಸ್ 8ರಿಂದ ಈ ಕಾಲಮು ಇದೆ. ಆದರೆ ಇದು ಹೇಳುವುದು ‘ಯಾರು’ ಎಂದಷ್ಟೇ, ‘ಯಾವ ಕಡತ’ ಎಂದಲ್ಲ.

ಎರಡನೆಯ ಹೆಜ್ಜೆ ರಿಸೋರ್ಸ್ ಮಾನಿಟರ್. ಸ್ಟಾರ್ಟ್ ಪಟ್ಟಿಯಲ್ಲಿ ಆರ್, ಇ, ಎಸ್, ಎಂ, ಒ, ಎನ್ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಎಂಟರ್ ಕೊಡಿ. ‘ಡಿಸ್ಕ್’ ಪುಟಕ್ಕೆ ಹೋಗಿ ‘ಡಿಸ್ಕ್ ಆಕ್ಟಿವಿಟಿ’ ಎಂಬ ಭಾಗವನ್ನು ಬಿಡಿಸಿ. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಕಡತದ ಪೂರ್ಣ ಹೆಸರು ಮತ್ತು ವಿಳಾಸ ಮೊದಲನೆಯದು. ‘ಐ-ಒ ಪ್ರಯಾರಿಟಿ’ ಎಂಬ ಕಾಲಮು ಎರಡನೆಯದು. ಅದರಲ್ಲಿ ‘ಬ್ಯಾಕ್‌ಗ್ರೌಂಡ್’ ಎಂದಿದ್ದರೆ ಆ ಕಾರ್ಯಕ್ರಮ ನಿಮಗೆ ದಾರಿ ಬಿಟ್ಟುಕೊಟ್ಟೇ ನಡೆಯುತ್ತಿದೆ ಎಂದರ್ಥ. ‘ರೆಸ್ಪಾನ್ಸ್ ಟೈಮ್’ ಮೂರನೆಯದು, ಕೇಳಿದ್ದನ್ನು ಡಿಸ್ಕ್ ಎಷ್ಟು ಮಿಲಿಸೆಕೆಂಡಿನಲ್ಲಿ ಕೊಟ್ಟಿತು ಎಂಬ ಲೆಕ್ಕ. ಕೆಲಸದ ಒತ್ತಡವಿದ್ದಾಗ ಹಾರ್ಡ್ ಡಿಸ್ಕಿನಲ್ಲಿ ಇದು ಕೆಲವು ಹತ್ತುಗಳಿಗೆ ಏರುವುದು ಸಹಜ. ಹೆಚ್ಚು ಕೆಲಸವಿಲ್ಲದಾಗಲೂ ಮತ್ತೆ ಮತ್ತೆ ಸಾವಿರದ ಆಸುಪಾಸಿಗೆ ಹೋಗುತ್ತಿದ್ದರೆ ಡಿಸ್ಕಿನ ಆರೋಗ್ಯವನ್ನೇ ವಿಚಾರಿಸಬೇಕು.

ಇಲ್ಲೊಂದು ಎಚ್ಚರಿಕೆ. ಪಟ್ಟಿಯಲ್ಲಿ ‘ಸಿಸ್ಟಮ್’ ಎಂಬ ಹೆಸರು ಮೇಲೆ ಕಂಡರೆ ತಪ್ಪಿತಸ್ಥ ಅದೇ ಎಂದು ತೀರ್ಮಾನಿಸಬಾರದು. ತಂತ್ರಾಂಶಗಳು ಬರೆಯುವುದನ್ನು ವಿಂಡೋಸ್ ಮೊದಲು ಸ್ಮೃತಿಯಲ್ಲಿ ಇರಿಸಿಕೊಂಡು, ಸ್ವಲ್ಪ ಹೊತ್ತಿನ ಬಳಿಕ ಒಟ್ಟಾಗಿ ಡಿಸ್ಕಿಗೆ ಇಳಿಸುತ್ತದೆ. ಆಗ ಬರೆದವರ ಹೆಸರು ‘ಸಿಸ್ಟಮ್’ ಎಂದೇ ದಾಖಲಾಗುತ್ತದೆ. ಕಾಗದ ತಲುಪಿಸುವ ಅಂಚೆಯವನು ಆ ಕಾಗದ ಬರೆದವನಲ್ಲ ತಾನೆ? ಬರೆದವನು ಯಾರೆಂದು ತಿಳಿಯಲು ಕಡತದ ಹೆಸರನ್ನೇ ನೋಡಬೇಕು.

ಮೂರನೆಯ ಹೆಜ್ಜೆ ‘ಪ್ರೊಸೆಸ್ ಮಾನಿಟರ್’. ನೀವು ಎದ್ದುಹೋದಾಗ ಮಾತ್ರ ನಡೆಯುವ ಕೆಲಸವನ್ನು ಹಿಡಿಯಲು ಇದೇ ಸರಿ. ಇದಕ್ಕೊಂದು ಇತಿಹಾಸವಿದೆ. ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬಿಬ್ಬರು 1996ರ ಸುಮಾರಿಗೆ ‘ಫೈಲ್‌ಮಾನ್’ ಎಂಬ ಪುಟ್ಟ ಉಪಕರಣವನ್ನು ಉಚಿತವಾಗಿ ಹಂಚತೊಡಗಿದರು. ಯಾವ ಕಾರ್ಯಕ್ರಮ ಯಾವ ಕ್ಷಣದಲ್ಲಿ ಯಾವ ಕಡತವನ್ನು ಮುಟ್ಟಿತು ಎಂಬುದನ್ನು ಸಾಲುಸಾಲಾಗಿ ಅದು ತೋರಿಸುತ್ತಿತ್ತು. 2006ರಲ್ಲಿ ಅವರ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಅದೇ ವರ್ಷ ಫೈಲ್‌ಮಾನ್‌ನ ಜಾಗಕ್ಕೆ ಪ್ರೊಸೆಸ್ ಮಾನಿಟರ್ ಬಂತು. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ತಾಣದಲ್ಲಿ ಇಂದಿಗೂ ಅದು ಉಚಿತ.

ಇದನ್ನು ಚಾಲೂ ಮಾಡಿದ ಕೂಡಲೆ ಕೆಲವೇ ಸೆಕೆಂಡುಗಳಲ್ಲಿ ಸಾವಿರಾರು ಸಾಲುಗಳು ಉರುಳಿ ಕಣ್ಣು ಕತ್ತಲೆ ಬರುತ್ತದೆ. ಆದ್ದರಿಂದ ಶೋಧಕವನ್ನು ಹಾಕಿಕೊಳ್ಳಬೇಕು. ‘ರೈಟ್‌ಫೈಲ್’ ಮತ್ತು ‘ರೀಡ್‌ಫೈಲ್’ ಎಂಬ ಎರಡು ಕ್ರಿಯೆಗಳನ್ನಷ್ಟೇ ಉಳಿಸಿ, ಶೋಧಕ ಬಿಟ್ಟದ್ದನ್ನು ದಾಖಲಿಸದೆ ಎಸೆಯುವಂತೆ ಹೇಳಿ, ಯಂತ್ರವನ್ನು ಹದಿನೈದು ನಿಮಿಷ ಮುಟ್ಟದೆ ಬಿಡಿ. ಆಮೇಲೆ ‘ಟೂಲ್ಸ್’ ಪಟ್ಟಿಯ ‘ಫೈಲ್ ಸಮ್ಮರಿ’ ತೆರೆದರೆ ಯಾವ ಕಡತ ಎಷ್ಟು ಸಲ ಓದಲ್ಪಟ್ಟಿತು, ಎಷ್ಟು ಬರೆಯಲ್ಪಟ್ಟಿತು ಎಂಬ ಪಟ್ಟಿ ಸಿದ್ಧ. ಅಳೆಯುವ ಉಪಕರಣವೂ ಯಂತ್ರದ ಮೇಲೆ ಭಾರ ಹಾಕುತ್ತದೆ ಎಂಬುದನ್ನು ಮರೆಯಬೇಡಿ. ಕೆಲಸ ಮುಗಿದ ಮೇಲೆ ಮುಚ್ಚಿಬಿಡಿ.

ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಉಬುಂಟು ಮುಂತಾದ ಲಿನಕ್ಸ್ ಇದ್ದರೆ ಇದೇ ಕೆಲಸವನ್ನು ‘ಐಒಟಾಪ್’ ಮತ್ತು ‘ಫ್ಯಾಟ್ರೇಸ್’ ಎಂಬ ಉಪಕರಣಗಳು ಮಾಡುತ್ತವೆ. ಮೊದಲನೆಯದು ಯಾರು ಎಂದು, ಎರಡನೆಯದು ಯಾವ ಕಡತ ಎಂದು ಹೇಳುತ್ತದೆ. ಲಿನಕ್ಸಿನಲ್ಲೂ ಬರೆಯಬೇಕಾದದ್ದನ್ನು ಕೂಡಿಟ್ಟುಕೊಂಡು ಕೆಲವು ಸೆಕೆಂಡುಗಳಿಗೊಮ್ಮೆ ಇಳಿಸುವುದರಿಂದ, ಸದ್ದು ತಾಳ ಹಾಕಿದಂತೆ ಬಿಟ್ಟುಬಿಟ್ಟು ಕೇಳಬಹುದು. ಅದು ಸಹಜ.

ಮಾಗಡಿಯ ಅಂಗಡಿ ಮತ್ತು ನುಡಿ ಕಡತಗಳು

ಡಿ.ಟಿ.ಪಿ. ಅಂಗಡಿಯ ಯಂತ್ರದಲ್ಲಿ ಇದೇ ಕ್ರಮದಿಂದ ನೋಡಿದಾಗ ‘ಸರ್ಚ್ ಇಂಡೆಕ್ಸರ್’ ಹೆಸರು ಬಂತೆನ್ನೋಣ. ಮುಟ್ಟುತ್ತಿರುವ ಕಡತಗಳೆಲ್ಲ ಹಳೆಯ ಲಗ್ನಪತ್ರಿಕೆಗಳು, ಕರಪತ್ರಗಳು, ಸಂಘದ ವರದಿಗಳು. ಇಪ್ಪತ್ತು ವರ್ಷದಿಂದ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಒತ್ತಿದವು.

ಇಲ್ಲಿ ಕನ್ನಡಿಗರಿಗೆ ಸೇರಿದ ಒಂದು ಸ್ವಾರಸ್ಯವಿದೆ. ಆ ಹಳೆಯ ಶೈಲಿಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಪರದೆಯ ಮೇಲೆ ನಮ್ಮ ಕಣ್ಣಿಗೆ ‘ಮದುವೆ’ ಎಂದು ಕಂಡರೂ ಕಡತದೊಳಗೆ ಇರುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಕನ್ನಡಕ್ಕೆ ತನ್ನದೇ ಸಂಕೇತಸ್ಥಾನಗಳನ್ನು ಕೊಟ್ಟ ಯೂನಿಕೋಡ್ 1991ರಲ್ಲೇ ಪ್ರಕಟವಾಗಿದ್ದರೂ, ಅಂಗಡಿಗಳ ದಿನಬಳಕೆಗೆ ಬರಲು ವರ್ಷಗಳೇ ಹಿಡಿದವು. ಹೀಗಾಗಿ ಇಂಡೆಕ್ಸರ್ ಆ ಸಾವಿರಾರು ಕಡತಗಳನ್ನು ಶ್ರದ್ಧೆಯಿಂದ ಓದಿ, ಅರ್ಥವಿಲ್ಲದ ಪದಗಳ ಸೂಚಿಯನ್ನು ತಯಾರಿಸುತ್ತದೆ. ನೀವು ಯೂನಿಕೋಡ್ ಕನ್ನಡದಲ್ಲಿ ‘ಮದುವೆ’ ಎಂದು ಹುಡುಕಿದರೆ ಅವುಗಳಲ್ಲಿ ಒಂದೂ ಸಿಗುವುದಿಲ್ಲ. ಡಿಸ್ಕ್ ದುಡಿದದ್ದು ವ್ಯರ್ಥ.

ಆದ್ದರಿಂದ ಇಂಥ ಅಂಗಡಿಯವರು ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಇಂಡೆಕ್ಸಿಂಗ್ ಆಪ್ಷನ್ಸ್’ ತೆರೆದು, ‘ಮಾಡಿಫೈ’ ಒತ್ತಿ, ಹಳೆಯ ನುಡಿ ಕಡತಗಳಿರುವ ಫೋಲ್ಡರಿನ ಮುಂದಿನ ಗುರುತನ್ನು ತೆಗೆದರೆ ಕಳೆದುಕೊಳ್ಳುವುದು ಏನೂ ಇಲ್ಲ. ಆ ಫೋಲ್ಡರನ್ನು ತೆರೆದು ಕಡತದ ಹೆಸರಿನಿಂದ ಹುಡುಕುವ ಸೌಲಭ್ಯ ಉಳಿದೇ ಇರುತ್ತದೆ. ಬಿಡುವಾದಾಗ ಮುಖ್ಯವಾದವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡು, ಅವನ್ನು ಮಾತ್ರ ಸೂಚಿಗೆ ಸೇರಿಸುವುದು ಉತ್ತಮ.

ಸ್ಮೃತಿ ಸಾಲದ ಯಂತ್ರ, ಸೋತ ಡಿಸ್ಕ್

ರಾಮನಗರದ ಲೆಕ್ಕದ ಯಂತ್ರದಲ್ಲಿ ರಿಸೋರ್ಸ್ ಮಾನಿಟರ್ ‘ಪೇಜ್‌ಫೈಲ್’ ಎಂಬ ಕಡತವನ್ನು ಮೇಲೆ ತೋರಿಸುತ್ತದೆ. ರ‍್ಯಾಮ್ ಇರುವುದು ಕೇವಲ 4 ಗಿಗಾಬೈಟ್. ಗೂಡಿನ ಖರೀದಿ, ನೂಲಿನ ಮಾರಾಟದ ಲೆಕ್ಕದ ತಂತ್ರಾಂಶದ ಜೊತೆಗೆ ಬ್ರೌಸರಿನಲ್ಲಿ ಹತ್ತು ಪುಟ ತೆರೆದಿವೆ. ಸ್ಮೃತಿ ತುಂಬಿದಾಗ ಯಂತ್ರ ಅದರ ಒಂದಷ್ಟು ಭಾಗವನ್ನು ಡಿಸ್ಕಿನ ಈ ಕಡತಕ್ಕೆ ಇಳಿಸಿ, ಬೇಕಾದಾಗ ಮರಳಿ ತರುತ್ತದೆ. ಸ್ಮೃತಿಯಿಂದ ತರಲು ಬೇಕಾಗುವ ಕಾಲ ಒಂದು ಸೆಕೆಂಡಿನ ಕೋಟಿ ಭಾಗದಲ್ಲಿ ಒಂದು ಎಂದಿಟ್ಟುಕೊಂಡರೆ, ಹಾರ್ಡ್ ಡಿಸ್ಕಿನಿಂದ ತರಲು ನೂರು ಭಾಗದಲ್ಲಿ ಒಂದು ಬೇಕು. ಲಕ್ಷ ಪಟ್ಟು ವ್ಯತ್ಯಾಸ! ಈ ಯಂತ್ರದಲ್ಲಿ ಯಾವ ಹಿನ್ನೆಲೆ ಕಾರ್ಯಕ್ರಮವನ್ನು ಶಪಿಸಿಯೂ ಪ್ರಯೋಜನವಿಲ್ಲ. ತೆರೆದ ಪುಟಗಳನ್ನು ಮುಚ್ಚಬೇಕು, ಇಲ್ಲವೇ ಇನ್ನೊಂದು 4 ಗಿಗಾಬೈಟ್ ರ‍್ಯಾಮ್ ಹಾಕಿಸಬೇಕು. ಹೊಸ ಯಂತ್ರ ಕೊಳ್ಳುವ ಮಾತು ಅದರ ನಂತರ.

ಚನ್ನಪಟ್ಟಣದ ಬೊಂಬೆ ಅಂಗಡಿಯ ಯಂತ್ರದ ಕತೆ ಬೇರೆ. ಅಲ್ಲಿ ಯಾವ ಕಾರ್ಯಕ್ರಮವೂ ಹೆಚ್ಚು ಓದುತ್ತಿಲ್ಲ, ಬರೆಯುತ್ತಿಲ್ಲ. ಆದರೆ ರೆಸ್ಪಾನ್ಸ್ ಟೈಮ್ ಸಾವಿರಗಳಲ್ಲಿದೆ. ಸದ್ದು ಕೂಡ ಬೇರೆ ಬಗೆಯದು. ಕೆಲಸದ ಸದ್ದು ಏರಿಳಿತದ ಕರಕರವಾದರೆ, ಇದು ‘ಟಿಕ್… ಟಿಕ್… ಟಿಕ್’ ಎಂದು ಒಂದೇ ಅಳತೆಯಲ್ಲಿ ಬಡಿಯುತ್ತದೆ. ಆ ವೇಳೆಗೆ ಪರದೆ ಕಲ್ಲಾಗಿ ನಿಲ್ಲುತ್ತದೆ. ತಟ್ಟೆಯ ಒಂದು ಜಾಗವನ್ನು ಓದಲಾಗದೆ ಡಿಸ್ಕ್ ಮತ್ತೆ ಮತ್ತೆ ಯತ್ನಿಸುತ್ತಿದೆ. ಇದನ್ನು ಖಚಿತಪಡಿಸಿಕೊಳ್ಳಲು ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ದಂಥ ಉಚಿತ ಉಪಕರಣಗಳು ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಆರೋಗ್ಯ ವರದಿಯನ್ನು ಓದಿ ಹೇಳುತ್ತವೆ. ‘ರೀಅಲೊಕೇಟೆಡ್ ಸೆಕ್ಟರ್’, ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲುಗಳ ಕೊನೆಯ ಕಾಲಮಿನಲ್ಲಿ ಸೊನ್ನೆಯಲ್ಲದೆ ಬೇರೆ ಸಂಖ್ಯೆ ಇದ್ದು, ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕಿನ ಆಯುಸ್ಸು ಮುಗಿಯುತ್ತಿದೆ. ವಿಂಡೋಸ್‌ನ ‘ಇವೆಂಟ್ ವ್ಯೂವರ್’ನಲ್ಲಿ ‘ಡಿಸ್ಕ್’ ಹೆಸರಿನಡಿ 7 ಅಥವಾ 153 ಎಂಬ ಕ್ರಮಾಂಕದ ದಾಖಲೆಗಳು ಪದೇ ಪದೇ ಕಂಡರೂ ಅದೇ ಸೂಚನೆ.

ಇಂಥ ಡಿಸ್ಕನ್ನು ಫಾರ್ಮ್ಯಾಟ್ ಮಾಡಬಾರದು. ಡಿಫ್ರಾಗ್, ಪೂರ್ಣ ವೈರಸ್ ಪರೀಕ್ಷೆ ಮುಂತಾದ ಹೊರೆಯನ್ನೂ ಹೊರಿಸಬಾರದು. ಬೊಂಬೆಗಳ ಚಿತ್ರ, ಗ್ರಾಹಕರ ವಿಳಾಸ, ಬಾಕಿಯ ಲೆಕ್ಕ, ಹೀಗೆ ಬಹು ಮುಖ್ಯವಾದದ್ದನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಉಳಿದದ್ದೆಲ್ಲ ಆಮೇಲೆ. ನಾಲ್ಕು ಯಂತ್ರಗಳಲ್ಲಿ ನಿಜವಾಗಿ ಅವಸರವಿದ್ದದ್ದು ಈ ಒಂದಕ್ಕೇ. ಹೆಸರು ಹಿಡಿಯುವ ಕ್ರಮ ಅನುಸರಿಸದಿದ್ದರೆ ನಾಲ್ಕಕ್ಕೂ ಒಂದೇ ಮದ್ದು ಮಾಡುತ್ತಿದ್ದೆವು.

ಅನುಮಾನ ನಿಜವಾದ ಎರಡು ಪ್ರಸಂಗಗಳು

ಹಿನ್ನೆಲೆ ಕಾರ್ಯಕ್ರಮಗಳೆಲ್ಲ ಸಾಧುಗಳು ಎಂದಲ್ಲ. 2005ರ ಅಕ್ಟೋಬರಿನಲ್ಲಿ ಮೇಲೆ ಹೇಳಿದ ರಸಿನೋವಿಚ್ ಅವರೇ ತಮ್ಮ ಯಂತ್ರದಲ್ಲಿ ಬಚ್ಚಿಟ್ಟ ಕಡತಗಳನ್ನು ಕಂಡರು. ಬೆನ್ನುಹತ್ತಿ ನೋಡಿದಾಗ, ಸೋನಿ ಬಿ.ಎಂ.ಜಿ. ಸಂಸ್ಥೆಯ ಹಾಡಿನ ಸಿ.ಡಿ. ಒಂದನ್ನು ಕೇಳಿದಾಗ ಅದರೊಡನೆ ಬಂದು ಕೂತ ನಕಲುತಡೆ ತಂತ್ರಾಂಶ ಅದೆಂದು ತಿಳಿಯಿತು. ಹಾಡು ನಿಂತ ಮೇಲೂ ಅದು ನಿಂತಿರಲಿಲ್ಲ. ಯಂತ್ರದಲ್ಲಿ ನಡೆಯುತ್ತಿದ್ದ ಕಾರ್ಯಕ್ರಮಗಳ ಕಡತಗಳನ್ನು ಪ್ರತಿ ಎರಡು ಸೆಕೆಂಡಿಗೊಮ್ಮೆ ತಡಕುತ್ತಿತ್ತು. ಅದನ್ನು ತೋರಿಸಿಕೊಟ್ಟದ್ದು ಅದೇ ಫೈಲ್‌ಮಾನ್. ಬೇಲಿಯೇ ಎದ್ದು ಹೊಲ ಮೇಯ್ದ ಈ ಸಂಗತಿ ಹೊರಬಿದ್ದು ದೊಡ್ಡ ಗದ್ದಲವಾಯಿತು. ಮರುತಿಂಗಳೇ ಕಂಪನಿ ಆ ಸಿ.ಡಿ.ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು.

ಎರಡನೆಯದು 2016ರ ನವೆಂಬರಿನದು. ಹಾಡು ಕೇಳಿಸುವ ‘ಸ್ಪಾಟಿಫೈ’ ತಂತ್ರಾಂಶ ಸುಮ್ಮನೆ ತೆರೆದಿದ್ದರೂ ಕೆಲವರ ಯಂತ್ರಗಳಲ್ಲಿ ದಿನಕ್ಕೆ ಹತ್ತಾರು, ನೂರಾರು ಗಿಗಾಬೈಟ್ ಬರೆಯುತ್ತಿದೆ ಎಂಬ ದೂರುಗಳು ಸುದ್ದಿಯಾದವು. ತನ್ನ ಒಂದು ಸಣ್ಣ ದತ್ತಸಂಚಯ ಕಡತವನ್ನು ಒಪ್ಪಮಾಡುವ ನೆಪದಲ್ಲಿ ಅದನ್ನು ಮತ್ತೆ ಮತ್ತೆ ಪೂರ್ತಿಯಾಗಿ ಬರೆಯುತ್ತಿತ್ತು. ಇದರಲ್ಲಿ ದುರುದ್ದೇಶವಿರಲಿಲ್ಲ, ರಚನೆಯ ದೋಷವಷ್ಟೆ. ಬಳಿಕದ ಆವೃತ್ತಿಯಲ್ಲಿ ಸರಿಪಡಿಸಿದರು. ಆದರೆ ಇದರ ಪರಿಣಾಮ ಎಸ್.ಎಸ್.ಡಿ. ಎಂಬ ಹೊಸ ಬಗೆಯ ಡಿಸ್ಕಿನ ಮೇಲೆ ಗಂಭೀರ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಸದ್ದೂ ಇಲ್ಲ. ಆದರೆ ಬರೆಯುವುದಕ್ಕೆ ಒಂದು ಮಿತಿಯಿದೆ. 150 ಟೆರಾಬೈಟ್ ಬರೆಯುವವರೆಗೆ ಖಾತರಿ ಇರುವ ಡಿಸ್ಕಿಗೆ ದಿನವೂ 100 ಗಿಗಾಬೈಟ್ ಬರೆದರೆ ಆ ಮಿತಿ ನಾಲ್ಕು ವರ್ಷದಲ್ಲಿ ಮುಗಿಯುತ್ತದೆ. ಸಾಮಾನ್ಯ ಬಳಕೆಯಲ್ಲಿ ದಿನಕ್ಕೆ 10 ಗಿಗಾಬೈಟ್ ಎಂದರೆ ನಲವತ್ತು ವರ್ಷ! ಸದ್ದಿಲ್ಲದ ಡಿಸ್ಕನ್ನು ಕೂಡ ಆಗಾಗ ವಿಚಾರಿಸಿಕೊಳ್ಳಬೇಕು ಎಂಬುದಕ್ಕೆ ಇದು ನಿದರ್ಶನ.

ವೀಕ್ಷಕರ ಕೆಲವು ಪ್ರಶ್ನೆಗಳು

ಪ್ರಶ್ನೆ: ದೀಪ ಉರಿಯುತ್ತಿಲ್ಲ, ಆದರೂ ಡಿಸ್ಕಿನಿಂದ ಸದ್ದು ಬರುತ್ತದೆ. ಏಕೆ?
ಉತ್ತರ: ದೀಪ ತೋರಿಸುವುದು ಕಂಪ್ಯೂಟರ್ ಡಿಸ್ಕಿಗೆ ಹೇಳಿದ ಕೆಲಸವನ್ನು. ಕೆಲವು ಡಿಸ್ಕ್‌ಗಳು ಬಿಡುವಿನಲ್ಲಿ ತಮ್ಮ ತಟ್ಟೆಯನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ, ದತ್ತಾಂಶವನ್ನು ಮರುಜೋಡಿಸುತ್ತವೆ. ಯಾವ ಉಪಕರಣದ ಪಟ್ಟಿಯಲ್ಲೂ ಅದು ಕಾಣದು. ಆರೋಗ್ಯ ವರದಿ ಸರಿಯಿದ್ದರೆ ಚಿಂತೆ ಬೇಡ.

ಪ್ರಶ್ನೆ: ಸಿಸ್‌ಮೇನ್, ಇಂಡೆಕ್ಸರ್, ಡಿಫೆಂಡರ್ ಎಲ್ಲವನ್ನೂ ನಿಲ್ಲಿಸಿಬಿಟ್ಟರೆ ಆಗದೇ?
ಉತ್ತರ: ಸಿಸ್‌ಮೇನ್ ಅಥವಾ ಇಂಡೆಕ್ಸರನ್ನು ಒಂದೆರಡು ದಿನ ನಿಲ್ಲಿಸಿ ನೋಡಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶ ಬರೆದಿಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ವೈರಸ್ ಕಾವಲನ್ನು ಮಾತ್ರ ನಿಲ್ಲಿಸಬೇಡಿ. ಅದರ ಪರೀಕ್ಷೆಯ ವೇಳೆಯನ್ನು ಬದಲಿಸಿಕೊಳ್ಳಿ.

ಪ್ರಶ್ನೆ: ಹೆಸರು ಸಿಕ್ಕಿತು, ಆದರೆ ಅದು ನಿಜವಾದದ್ದೋ ವೇಷಧಾರಿಯೋ?
ಉತ್ತರ: ಟಾಸ್ಕ್ ಮ್ಯಾನೇಜರಿನಲ್ಲಿ ಆ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಓಪನ್ ಫೈಲ್ ಲೊಕೇಶನ್’ ಆರಿಸಿ. ವಿಂಡೋಸ್‌ನದೇ ಎಂದು ಹೇಳಿಕೊಳ್ಳುವ ‘ಸರ್ವೀಸ್ ಹೋಸ್ಟ್’ ಸಿಸ್ಟಮ್32 ಫೋಲ್ಡರಿನಲ್ಲಿರಬೇಕು. ಅದು ಡೌನ್‌ಲೋಡ್ಸ್ ಅಥವಾ ಟೆಂಪ್ ಫೋಲ್ಡರಿನಲ್ಲಿ ಕಂಡರೆ ಅನುಮಾನಿಸಿ. ನಿಮ್ಮ ಕಡತಗಳ ಹೆಸರಿನ ಕೊನೆಗೆ ಅಪರಿಚಿತ ಅಕ್ಷರಗಳು ಸೇರುತ್ತ ಹೋಗುತ್ತಿದ್ದರೆ ತಡಮಾಡದೆ ಅಂತರ್ಜಾಲದ ತಂತಿ ಕಿತ್ತು ಯಂತ್ರವನ್ನು ಆರಿಸಿ, ತಿಳಿದವರನ್ನು ಕರೆಯಿರಿ. ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ತಂತ್ರಾಂಶಗಳು ಹೀಗೆಯೇ ಕೆಲಸ ಮಾಡುತ್ತವೆ.

ಪ್ರಶ್ನೆ: ವಿಂಡೋಸ್ 10 ಇರುವ ಹಳೆಯ ಯಂತ್ರದಲ್ಲಿ ಸದ್ದು ಕಡಿಮೆ ಮಾಡಲು ಏನು ಮಾಡಬಹುದು?
ಉತ್ತರ: ಹಾರ್ಡ್ ಡಿಸ್ಕಿನ ಬದಲು ಸಣ್ಣ ಎಸ್.ಎಸ್.ಡಿ. ಹಾಕಿಸಿದರೆ ಹಿನ್ನೆಲೆ ಕಾರ್ಯಕ್ರಮಗಳ ಕಾಟ ಬಹುತೇಕ ತಿಳಿಯುವುದೇ ಇಲ್ಲ. ತೋಳಿನ ಓಡಾಟವೇ ಇಲ್ಲವಲ್ಲ! ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಣಕಾಸಿನ ವ್ಯವಹಾರ ಮಾಡುವ ಯಂತ್ರವಾದರೆ ವಿಂಡೋಸ್ 11 ಅಥವಾ ಲಿನಕ್ಸಿಗೆ ಹೋಗುವ ಆಲೋಚನೆಯನ್ನೂ ಜೊತೆಗೇ ಮಾಡಿ.

ಮುಂದಿನ ಸಲ ಯಾರಾದರೂ “ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ” ಎಂದಾಗ ಎರಡು ಮಾತು ಕೇಳಿ. ಡಿಸ್ಕನ್ನು ಓಡಿಸುತ್ತಿರುವ ಕಾರ್ಯಕ್ರಮದ ಹೆಸರೇನು? ಅದು ಮುಟ್ಟುತ್ತಿರುವ ಕಡತ ಯಾವುದು? ಈ ಎರಡಕ್ಕೆ ಉತ್ತರ ಸಿಗುವವರೆಗೆ ಡಿಸ್ಕನ್ನು ಅಳಿಸಲು ಒಪ್ಪಬೇಡಿ. ಉತ್ತರ ಸಿಕ್ಕ ಮೇಲೆ ಅಳಿಸುವ ಅಗತ್ಯವೇ ಬಹಳ ಸಲ ಉಳಿದಿರುವುದಿಲ್ಲ.